ಅಡ್ಡಗೆರೆಯ ಏಳು

ಫಾರ್ಮಿಗೆ ಒಂದೂಕಾಲು ರೂಪಾಯಿ ನನಗೆ,
ಮೂರು ತಿಂಗಳಿಂದ ಅದೂ ಬಂದಿಲ್ಲ.
ಸಮುದಾಯ ಆರೋಗ್ಯ ವಿಭಾಗದ ಹಿಂದಿನ ಕೋಣೆ,
ಕಿಟಕಿಗೆ ಎದುರು ಶವಾಗಾರದ ಗೋಡೆ.
ಶಿವಮೊಗ್ಗದ ಬಿಸಿಲು ಇಲ್ಲಿಗೆ ಬರುವುದು
ನಾಲ್ಕೂವರೆಗೆ, ಅದೂ ಪ್ರಿಂಟರಿನ ಮೇಲೆ.

ಮೊದಲು ಬಂದದ್ದು ಮಂಗನ ಕಾಯಿಲೆಯ ಕಟ್ಟು.
ಹೊಸನಗರದಾಚೆ ಕೊಡಸೆಗದ್ದೆ, ಇನ್ನೂರ ಹತ್ತು ಮನೆ.
ಸೊಪ್ಪಿಗೆ ಕಾಡಿಗೆ ಹೋಗುವಿರಾ? ಹೌದು 1, ಇಲ್ಲ 2.
ಸತ್ತ ಮಂಗ ಕಂಡಿರಾ? ಎಲ್ಲಿ? ಯಾವಾಗ?
ಎಲ್ಲರೂ ಗುರುತು ಹಾಕಿ ಮುಂದಿನ ಮನೆಗೆ ಹೋದರೆ
ಒಬ್ಬ ಮಾತ್ರ ಅಂಚಿನಲ್ಲಿ ಬರೆಯುತ್ತ ಕೂತಿದ್ದಾನೆ.
ಆಸ್ಪತ್ರೆ ಎಷ್ಟು ದೂರ ಎಂಬಲ್ಲಿ:
‘ಜ್ವರ ಇಲ್ಲದಾಗ ನಾಲ್ಕು ಮೈಲಿ.’
ಉಣುಗು ಎಷ್ಟು ಕಚ್ಚಿದವು ಎಂಬಲ್ಲಿ:
‘ದ್ಯಾವಕ್ಕ ನಕ್ಕಳು. ಅಕ್ಕಿಯ ಕಲ್ಲು ಎಣಿಸ್ತೀರಾ ಅಂದಳು.’
ಕಂಪ್ಯೂಟರು ಮಾತು ಒಪ್ಪುವುದಿಲ್ಲ.
ನಾನು 4 ಒತ್ತಿದೆ. ಆಮೇಲೆ 99 ಒತ್ತಿದೆ.
ತೊಂಬತ್ತೊಂಬತ್ತು ಅಂದರೆ ಗೊತ್ತಿಲ್ಲ ಅಂತ.

ಅವನು ಬರೆಯುವ 7ರ ಸೊಂಟಕ್ಕೆ ಒಂದು ಅಡ್ಡಗೆರೆ,
ಬಾಗಿಲಿಗೆ ಹಾಕಿದ ಅಗುಳಿಯ ಹಾಗೆ.
ಕೆಳಗೆ ಸಹಿ: ಗುರುಪಾದ, ಹೌಸ್ ಸರ್ಜನ್.
ಸಿಂದಗಿ ಕಡೆಯ ಹುಡುಗ. ನನ್ನನ್ನು ಅಕ್ಕಾರ ಅನ್ನುತ್ತಾನೆ.

ಎರಡನೆಯ ಕಟ್ಟು ಇವರದೇ, ಹುಡುಗ ಹುಡುಗಿಯರದು.
ನೂರ ನಲವತ್ತು ಫಾರ್ಮು, ಹೆಸರಿಲ್ಲ.
ಮೇಡಂ ಮೊದಲ ದಿನವೇ ಹೇಳಿದ್ದರು:
ಯಾರದೆಂದು ಹುಡುಕಬಾರದು, ನಂಬಿ ಬರೆದಿದ್ದಾರೆ.
ಕಳೆದ ಎರಡು ವಾರಗಳಲ್ಲಿ ಎಷ್ಟು ದಿನ
ನಿದ್ದೆ ಬರಲಿಲ್ಲ, ಊಟ ಸೇರಲಿಲ್ಲ,
ಯಾವುದರಲ್ಲೂ ಮನಸ್ಸು ನಿಲ್ಲಲಿಲ್ಲ?
ನಾನು ಹುಡುಕಲಿಲ್ಲ. ಅದಾಗಿಯೇ ಬಂತು
ಅರವತ್ತೆರಡನೆಯ ಹಾಳೆ.
ವಾರಕ್ಕೆ ಡ್ಯೂಟಿ ಎಷ್ಟು ಗಂಟೆ: 77.
ಎರಡಕ್ಕೂ ಅಗುಳಿ.

ಅಂಚು ಖಾಲಿ. ಒಂದು ಮಾತೂ ಇಲ್ಲ.
ಒಂಬತ್ತನೆಯ ಪ್ರಶ್ನೆ,
ಬದುಕಿರದಿದ್ದರೇ ಚೆನ್ನಾಗಿತ್ತು ಅನ್ನಿಸಿದೆಯೇ?
ಗುರುತು ಕೊನೆಯ ಚೌಕದಲ್ಲಿ,
ಹೆಚ್ಚುಕಡಿಮೆ ಪ್ರತಿದಿನ.

3 ಒತ್ತಬೇಕು. ಒತ್ತಿದೆ.
ಕರ್ಸರು ಮುಂದಿನ ಮನೆಗೆ ಹೋಗಿ ಮಿಣುಕುತ್ತ ನಿಂತಿತು.
ನಾನು ಹೋಗಲಿಲ್ಲ.

ಮೇಡಂ ಹತ್ತಿರ ಹೋದೆ, ಹೆಸರು ಎತ್ತಲಿಲ್ಲ.
ಒಂಬತ್ತನೆಯದಕ್ಕೆ ಮೂರು ಬಂದರೆ ಏನು ಮಾಡೋದು ಅಂದೆ.
ಕನ್ನಡಕ ತೆಗೆದರು. ಎಷ್ಟಿವೆ ನೋಡಿ ಅಂದರು.
ಅಂದು ಮೊದಲ ಬಾರಿ ಹಿಂದಕ್ಕೆ ತಿರುಗಿ ಎಣಿಸಿದೆ.
ಹನ್ನೊಂದು.
ಹತ್ತನ್ನು ನಾನೇ ಒತ್ತಿದ್ದೆ, ಚಹಾ ಕುಡಿಯುತ್ತ,
ಫಾರ್ಮಿಗೆ ಒಂದೂಕಾಲು ರೂಪಾಯಿಯಂತೆ.

ಮೇಡಂ ಡೀನ್ ಕೋಣೆಗೆ ನಡೆದರು.
ವರದಿಯವರೆಗೆ ಕಾಯಲಾಗದು ಅನ್ನುತ್ತಿದ್ದದ್ದು
ಮೆಟ್ಟಿಲವರೆಗೂ ಕೇಳಿಸಿತು.
ನಾನು ಮಂಗನ ಕಾಯಿಲೆಯ ಕಟ್ಟು ಬಿಚ್ಚಿ
ಗುರುಪಾದನಿಗೆ ಫೋನು ಮಾಡಿದೆ:
ದ್ಯಾವಕ್ಕನ ಹಾಳೆಯಲ್ಲಿ ಒಂದು ಅಂಕಿ ತಿಳಿಯುತ್ತಿಲ್ಲ,
ಒಂದೋ ಏಳೋ, ಸ್ವಲ್ಪ ಬಂದು ಹೋಗಪ್ಪ.

ಬಂದ. ಚಪ್ಪಲಿ ಎರಡೂ ಎರಡು ಜೊತೆಯವು.
ಹಾಳೆಯನ್ನು ಬೆಳಕಿಗೆ ಹಿಡಿದು,
ಏಳು ಐತ್ರಿ ಅಕ್ಕಾರ, ಅಂದ.
ಏಳು.
ನಮ್ಮಮ್ಮ ಬೆಳಗಾದರೆ ಕಾಲು ಹಿಡಿದೆಳೆದು ಕೂಗುತ್ತಿದ್ದ ಮಾತು.
ಇವನನ್ನು ಹಾಸ್ಟೆಲಿನಲ್ಲಿ ಯಾರು ಕೂಗುತ್ತಾರೆ?
ಫ್ಲಾಸ್ಕಿನ ಮುಚ್ಚಳಕ್ಕೆ ಚಹಾ ಬಗ್ಗಿಸಿದೆ,
ನಿನ್ನೆಯ ಮಂಡಕ್ಕಿ ಪೊಟ್ಟಣ ಬಿಚ್ಚಿಟ್ಟೆ.
ಮೆತ್ತಗಾಗಿತ್ತು, ತಿಂದ.
ದ್ಯಾವಕ್ಕ ಹೇಗಿದ್ದಾಳೆ ಅಂದೆ.
ಬಹಳ ಹೊತ್ತು ಸುಮ್ಮನಿದ್ದು,
ಎದುರು ಗೋಡೆ ನೋಡುತ್ತ ಅಂದ:
ಆಕಿ ಕೇಳಿದ್ಲ್ರೀ, ನೀ ಉಂಡೇನಪಾ ಅಂತ.
ಫಾರ್ಮಿನ್ಯಾಗ ಎಲ್ಲಿ ಬರೀಬೇಕು ತಿಳೀಲಿಲ್ಲ.

ಮತ್ತೇನಾರ ತಿಳೀದ್ದು ಐತೇನ್ರಿ? ಎದ್ದು ನಿಂತು ಕೇಳಿದ.
ಇದೆ, ಬಹಳ ಇದೆ. ಕೂತುಕೋ, ಮೇಡಂ ಬರಲಿ,
ಅವರೊಂದಿಗೂ ಮಾತಾಡುವೆಯಂತೆ. ನಾಳೆಯೂ ಬಾ.
ಸುಳ್ಳು. ಅವನ ಅಕ್ಷರ ಅಚ್ಚು ಹಾಕಿದಷ್ಟು ಸ್ಪಷ್ಟ.

ಅವನು ಕೂತ. ಬಿಸಿಲು ಪ್ರಿಂಟರಿನ ಮೇಲೆ ಬಂತು.
ಮೇಜಿನ ಮೇಲೆ ಉಳಿದ ಹತ್ತು ಹಾಳೆ.
ಒಂದೊಂದೇ ಎತ್ತಿ ನೋಡಿದೆ.
ಅವರ 7 ಎಲ್ಲರ 7ರ ಹಾಗೇ ಇದೆ.