ಮೀನಿನ ತಕ್ಕಡಿ

ಕುತೈಸಿ. ಮೂರನೇ ಮಹಡಿ. ಊಟದ ಮೇಜಿನ ಮೇಲೆ
ಕರುಳು ಬಿಚ್ಚಿಕೊಂಡ ಝಿಗುಲಿ ಎಂಜಿನ್ನು.

ಅಜ್ಜಿ ಮಾಕ್ವಾಲಾಳ ಸಾರಿನ ಪಾತ್ರೆಯಲ್ಲಿ
ಪಿಸ್ಟನ್ ಕುದಿಯುತ್ತಿದೆ. ಬಿಸಿಯಾದರೆ ಪಿನ್ನು
ಬೆಣ್ಣೆಯಲ್ಲಿ ಬೆರಳಿಳಿದಂತೆ ಇಳಿಯುತ್ತದಂತೆ.
ರಿಂಗು ಅದುಮಲು ಬಟಾಣಿ ಡಬ್ಬದ ತಗಡು,
ವಾಲ್ವು ಉಜ್ಜಲು ನನ್ನ ಆಟದ ಬಾಣದ ರಬ್ಬರು ತುದಿ
(ನನ್ನನ್ನು ಯಾರೂ ಕೇಳಲಿಲ್ಲ).

ಬೋಲ್ಟು ಎಷ್ಟು ಬಿಗಿಯಬೇಕು?
ಅಪ್ಪ ಪಾನಾಕ್ಕೆ ಅರ್ಧ ಮೀಟರು ಕೊಳವೆ ತೊಡಿಸಿ
ತುದಿಗೆ ಮೀನು ತೂಗುವ ಕೊಕ್ಕೆ ತಕ್ಕಡಿ ಸಿಕ್ಕಿಸಿ
ಎಳೆಯುತ್ತಾನೆ: ‘ಹತ್ತು ಬಂದಾಗ ಕೂಗು!’

ಮುಳ್ಳು ಏರುತ್ತದೆ. ಮೂರು ದಾಟಿದ ಮೇಲೆ
ಸೂಜಿಯಲ್ಲಿ ಗೀರಿದ್ದೊಂದು ಗೆರೆ.
ನಾನು ಹುಟ್ಟಿದ ರಾತ್ರಿಯದು. ಕರೆಂಟಿರಲಿಲ್ಲ,
ಅಜ್ಜಿಯ ತಲೆವಸ್ತ್ರದಲ್ಲಿ ಗಂಟುಕಟ್ಟಿ
ತೂಗಿದ್ದರಂತೆ.

ಗೆರೆ ನೋಡುತ್ತ ಕೂಗುವುದು ಮರೆತೆ.
ಹನ್ನೊಂದು.
ಅಪ್ಪ ಬೈದು, ಸಡಿಲಿಸಿ,
ಮತ್ತೆ ಮೊದಲಿಂದ.