ಕಡವಿನಲ್ಲಿ ಒಂದು ತೂತು

ಭಾನುವಾರ, ಐದೂವರೆ. ಕಂಕನಾಡಿ ಇನ್ನೂ
ಮೀನಿನ ಲಾರಿಗಷ್ಟೇ ಎದ್ದಿದೆ.
ವಾರವಿಡೀ ಪರರ ಎಲುಬಿನ ಬಿರುಕು ನೋಡುವ
ಎಕ್ಸ್‌ರೇ ಕೋಣೆಗೆ ಬೀಗ ಹಾಕಿ ಬಂದವಳು ನಾನು,
ಕಂತಿನಲ್ಲಿ ಕೊಂಡ ಗ್ರಾವೆಲ್ ಸೈಕಲ್ಲಿನ ಮೇಲೆ.
ಅದರ ಬಗ್ಗಿದ ಹ್ಯಾಂಡಲ್ ನೋಡಿ ಅಮ್ಮ
'ಟಗರು ತಂದೆಯಾ' ಅಂದಿದ್ದಳು.
ಟಗರೇ ಸರಿ. ನೆಟ್ಟಗಿನ ದಾರಿ ಕಂಡರೆ ಆಗದು ಇದಕ್ಕೆ.

ಅಡ್ಯಾರಿನ ಸೇತುವೆ ದಾಟಿ, ಹರೇಕಳ ದಾಟಿ,
ಇನೋಳಿಯ ಆಚೆ ಎಲ್ಲೋ ಡಾಂಬರಿಗೆ ಸಾಕಾಗುತ್ತದೆ.
ಅಲ್ಲಿಂದ ಜಲ್ಲಿ.
ಮುರಕಲ್ಲಿನ ಪುಡಿ, ಒಣಗಿದ ಗೇರೆಲೆ,
ಟಯರಿನಡಿ ಚರಚರ, ಹುರಿಗಡಲೆ ಅಗಿದ ಹಾಗೆ,
ಮೊದಲು ಹಲ್ಲಿಗೆ ಕೇಳಿ ಆಮೇಲೆ ಕಿವಿಗೆ.
ಎಡಕ್ಕೆ ನೇತ್ರಾವತಿ, ಮಾಘದ ಬಿಸಿಲಿಗೆ ಸೊರಗಿ
ಹೊಯಿಗೆಯ ಬೆನ್ನು ತೋರಿಸುತ್ತ.
ಫೋನಿನ ನಕ್ಷೆಯಲ್ಲಿ ಇದು 'ಹೆಸರಿಲ್ಲದ ರಸ್ತೆ'.
ಸೊಪ್ಪು ಹೊತ್ತ ಹೆಂಗಸು ದಾರಿ ಬಿಡುತ್ತ ಅಂದಳು:
'ದಂಡಿನ ಓಣಿ. ಇಳಿಜಾರು ಉಂಟು, ಜಾಗ್ರತೆ.'

ಇಳಿಜಾರು ಇತ್ತು.
ಇಳಿದ ಮೇಲೆ ಹಿಂದಿನ ಗಾಲಿಯಲ್ಲಿ ಗಾಳಿ ಇರಲಿಲ್ಲ.

ಹಳೆ ಕಡವಿನ ಬುಡದಲ್ಲಿ ಮೊಯ್ದಿನಬ್ಬನ ಅಂಗಡಿ.
ಸೇತುವೆ ಬರುವ ತನಕ ದೋಣಿಯವನು,
ಈಗ ಪಂಕ್ಚರು, ಸೋಡಾ, ಬೀಡಿ.
'ಎಂತ ಮಾರಾಯ್ತಿ, ಗಾಳಿ ಹೋಯ್ತಾ?'
ಬಕೆಟ್ಟಿಗೆ ಬೈದು, ಟ್ಯೂಬನ್ನು ಹೊಳೆಗೇ ಒಯ್ದು
ಒಂದೊಂದೇ ಗೇಣು ಮುಳುಗಿಸಿದ.
ಸುಮ್ಮನಿದ್ದ ನೀರು ಒಂದು ಕಡೆ ಗುಳುಗುಳು ಅಂದಿತು.
ಬಾಲ್‌ಪೆನ್ನಿನಲ್ಲಿ ಸುತ್ತ ಒಂದು ಸೊನ್ನೆ ಬರೆದ.
'ನೋಡಿ, ನನ್ನ ಅಜ್ಜನ ಅಜ್ಜ ತೂತು ಕೊರೆದವ.
ನಾನು ಮುಚ್ಚುವವ.'

ಯಾವ ದಂಡು, ಕೇಳಿದೆ.
'ಕುಂಪಣಿಯದ್ದು ಅಂತ ಒಬ್ಬರು,
ಘಟ್ಟದ ಮೇಲಿನದ್ದು ಅಂತ ಒಬ್ಬರು.
ಗದ್ದೆಗೆ ಕುದುರೆ ಬಿದ್ದದ್ದು ಮಾತ್ರ ಎಲ್ಲರೂ ಹೇಳ್ತಾರೆ.'
ಏಳು ದೋಣಿ ಇದ್ದವಂತೆ ಕಡವಿನಲ್ಲಿ.
ದಂಡು ದಾಟಬಾರದೆಂದು ಒಂದು ರಾತ್ರಿ ಏಳೂ ಮಂದಿ
ಅವರವರ ದೋಣಿಗೆ ಅವರವರೇ ಬೈರಿಗೆ ಹಾಕಿದರು.
ಕುತ್ತಿಗೆ ಮಟ್ಟ ನೀರಲ್ಲಿ ನಿಂತು
ನಿದ್ದೆಗೆ ಹತ್ತಿದ ಕೂಸನ್ನು ಕೆಳಗಿಡುವ ಹಾಗೆ
ಸದ್ದಾಗದಂತೆ ಇಳಿಸಿದರು.
ಬೆಳಗಾಗೆದ್ದ ದಂಡಿಗೆ ಹೊಳೆ ಮಾತ್ರ ಸಿಕ್ಕಿತು.

'ಮತ್ತೆ?'
'ಮತ್ತೆ ಎಂತ? ದಾಟಲಿಕ್ಕೆ ಆಗದ ದಂಡು ಇಲ್ಲೇ ಕೂತಿತು.
ಹನ್ನೊಂದು ದಿನ. ಬಿತ್ತಿಗಿಟ್ಟ ಭತ್ತ ಬೇಯಿಸಿ ತಿಂದಿತು.
ಆಚೆ ದಡ ಉಳಿಯಿತು.'
ಪ್ಯಾಚಿಗೆ ಅಂಟು ಹಚ್ಚಿ ಊದಿದ.
'ಅವರಿಗೆ ನೆನಪಿಲ್ಲ.'

ಸೋಡಾ ಬಾಟ್ಲಿಗಳ ಕೆಳಗಿದ್ದ ಹಲಗೆ ತೋರಿಸಿದ.
ಹೊಯಿಗೆ ತೆಗೆಯುವ ಬಿಹಾರದ ಹುಡುಗ
ಹೋದ ವರ್ಷ ಮುಳುಗಿ ತಂದದ್ದು.
ಕಪ್ಪು, ಕಬ್ಬಿಣದ ತೂಕ, ನಡುವೆ ಒಂದು ತೂತು.
ಅದೇ ದೋಣಿಯದೆಂದು ಅವನೂ ಆಣೆ ಇಡಲಿಲ್ಲ.
ನಾನು ಕಿರುಬೆರಳು ತೂರಿಸಿದೆ.
ತಾನಾಗಿ ಆದ ಒಡಕಿಗೆ ಅಂಚು ಅಡ್ಡಾದಿಡ್ಡಿ,
ದಿನಾ ನೋಡುತ್ತೇನೆ.
ಇದು ದುಂಡಗಿತ್ತು. ಒಳಗೆಲ್ಲ ನುಣುಪು.
ಬೆರಳು ತೆಗೆಯಲು ಸ್ವಲ್ಪ ಹೊತ್ತು ಹಿಡಿಯಿತು.

'ಗಾಳಿ ಕಮ್ಮಿ ಇರಲಿ,' ಅಂದ, ಇಪ್ಪತ್ತು ರೂಪಾಯಿ ಮಡಚುತ್ತ,
'ಜಲ್ಲಿಗೆ ಮೆತ್ತಗಿನ ಗಾಲಿಯೇ ಆಗಬೇಕು.'

ಹಿಂದಿರುಗುವಾಗ ಸೇತುವೆಗೆ ಹಿಡಿದದ್ದು ಮೂರು ನಿಮಿಷ.
ಆಚೆ ದಡದಲ್ಲಿ ಬೊಂಡದ ಗಾಡಿ.
ಹುಡುಗ ಕತ್ತಿ ಎತ್ತಿದಾಗ ಕೇಳಿಬಿಟ್ಟೆ,
ಇಲ್ಲಿಗೆ ಒಮ್ಮೆ ದಂಡು ಬರುವುದಿತ್ತಲ್ಲ, ಗೊತ್ತುಂಟಾ?
'ಯಾವ ದಂಡು?' ಅಂದ.
ಕತ್ತಿಯ ತುದಿಯಿಂದ ಸಣ್ಣಗೆ ಒಂದು ತೂತು ಮಾಡಿ
ಎರಡು ಕೈಯಲ್ಲಿ ಹಿಡಿದು ಕೊಟ್ಟ.
ತುಂಬಿತ್ತು. ಮೊದಲ ಗುಟುಕು
ಗಲ್ಲದ ಮೇಲೆ ಚೆಲ್ಲಿತು.