ಪೆಟ್ಟಿಗೆಗೆ ಕಾರೆಂದು ಹೆಸರು

ಬಂದರಿನ ಹಳೇ ಐಸ್ ಪೆಟ್ಟಿಗೆ, ನೂರೈವತ್ತು ರೂಪಾಯಿ.
ಬಿಂಬುಳಿ ಉಜ್ಜಿದೆವು, ಸೋಡಾಪುಡಿ ಹಾಕಿದೆವು,
ಮೂರು ದಿನ ಬಿಸಿಲಿಗಿಟ್ಟೆವು;
ಬಂಗುಡೆ ಮಾತ್ರ ಹೋಗಲಿಲ್ಲ.
ಇರಲಿ ಬಿಡು, ಎಂದಳು ಮಿಸ್ರಿಯಾ,
ಉಪ್ಪುಗಾಳಿಗೆ ಇದಕ್ಕಿಂತ ಗಟ್ಟಿ ಡಬ್ಬಿ ಎಲ್ಲುಂಟು?

ಅದರೊಳಗೆ ಒಂದು ಕಾರನ್ನು ಕೂರಿಸಿದೆವು.
ಚಕ್ರವಿಲ್ಲ, ಸೀಟಿಲ್ಲ, ಬ್ಯಾಟರಿಯೂ ಇಲ್ಲ.
ಎರಡು ರೆಸಿಸ್ಟರು, ಒಂದು ಡಯೋಡು,
ಗುಜರಿಯಿಂದ ತಂದ ಮೋಡೆಮ್ಮು,
ಅಪಘಾತದ ಗಾಡಿಯಿಂದ ಕಿತ್ತ ಚಾರ್ಜಿಂಗ್ ಬಾಯಿ,
ತುಟಿಯಂಚಿಗೆ ಇನ್ನೂ ಯಾರದೋ ಕೆಂಪು ಬಣ್ಣ.

ಹನ್ನೆರಡು ವೋಲ್ಟು ಅಂದರೆ ಯಾರೂ ಇಲ್ಲ.
ಒಂಬತ್ತು, ಬಂದಿದ್ದೇನೆ.
ಆರು, ಹಸಿವು.
ಇಷ್ಟೇ ಅದರ ಅಕ್ಷರಮಾಲೆ. ಕಲಿಸಲು ನನಗೆ
ಹನ್ನೊಂದು ರಾತ್ರಿ ಬೇಕಾಯಿತು:
ಮೋಟಾರು ವೈಂಡಿಂಗಿನವಳು ನಾನು,
ತಾಮ್ರದ ಸುತ್ತು ಎಣಿಸಿ ಗೊತ್ತು,
ಸುಳ್ಳು ಹೇಳಿಸಿ ಅಭ್ಯಾಸವಿಲ್ಲ.

ಬೈಕಂಪಾಡಿಯ ಶೆಡ್ಡು. ಝೆಫ್ರಿನ್ ಪೊರ್ಬುಗಳು ಸಹಿ ಹಾಕಿದ
ಪರವಾನಗಿ ಕಾಗದ ಗೋಡೆಗಂಟಿಸಿ
ಅವರದೇ ಚಾರ್ಜರಿನ ಗನ್ನನ್ನು ಪೆಟ್ಟಿಗೆಯ ಬಾಯಿಗಿಟ್ಟೆವು.
ಚಾರ್ಜರು ಕೇಳಿತು: ನಿನ್ನ ನಂಬರು?
ಪೆಟ್ಟಿಗೆ ಹೇಳಿತು, ಒಂಚೂರೂ ನಾಚದೆ,
ನಿಸಾರಣ್ಣನ ಟ್ಯಾಕ್ಸಿಯ ನಂಬರು.
ಟಕ್.
ಕೊಕ್ಕೆ ಬಿತ್ತು. ಪರದೆಯಲ್ಲಿ ಹಸಿರು: ಸ್ವಾಗತ, ನಿಸಾರ್.

ಎರಡೇ ನಿಮಿಷ. ತೊಕ್ಕೊಟ್ಟಿನಿಂದ ಫೋನು.
"ಎಂತ ಮಾರಾಯ್ತಿ ಇದು, ಕಾರು ನನ್ನ ಕಣ್ಣೆದುರೇ ಉಂಟು,
ಬಾನೆಟ್ಟಿನ ಮೇಲೆ ಚಾ ಇಟ್ಟಿದ್ದೇನೆ,
ಬೈಕಂಪಾಡಿಯಲ್ಲಿ ಚಾರ್ಜಿಗೆ ಕೂತಿದೆಯಂತೆ!"
ಕೇಳಿಯೇ ಎರವಲು ಪಡೆದ ನಂಬರು. ಆದರೂ
ಮಿಸ್ರಿಯಾ ಫೋನನ್ನು ಕಿವಿಯಿಂದ ದೂರ ಹಿಡಿದಳು.
ನಾನು ನಗಲು ಹೋಗಿ ನಗಲಿಲ್ಲ.
ನಂಬಿದ್ದನ್ನು ನೋಡುವುದು ಬೇರೆ,
ಅಷ್ಟು ಬೇಗ ನಂಬಿದ್ದನ್ನು ನೋಡುವುದು ಬೇರೆ.

ಆಗ ಬಂತು ಶೆಡ್ಡಿನ ಬೆಕ್ಕು, ಅರ್ಧ ಬಾಲದ್ದು.
ಪೆಟ್ಟಿಗೆಗೆ ಒಂದು ಸುತ್ತು ಬಂದು ಮೂಸಿತು. ಬಂಗುಡೆ, ಹೌದು.
ಮುಚ್ಚಳದ ಸಂದಿಗೆ ಪಂಜ ಹಾಕಿ ಇಣುಕಿತು,
ತಂತಿ ಕಂಡಿತು,
ನಮ್ಮಿಬ್ಬರ ಮುಖ ನೋಡಿ
ಹೋಯಿತು.

ವರದಿಯ ಮೊದಲ ಸಾಲು ಇನ್ನೂ ಬರೆದಿಲ್ಲ.
ಬೆಕ್ಕಿನ ವಿಷಯ ಹಾಕುವ ಹಾಗಿಲ್ಲ, ಎನ್ನುತ್ತಾಳೆ ಮಿಸ್ರಿಯಾ,
ಓದುವುದು ಕಂಪನಿಯವರು.
ಹಾಗಾದರೆ ಅದನ್ನು ಎಲ್ಲಿ ಹಾಕುವುದು?
ಪೆಟ್ಟಿಗೆ ಮತ್ತೆ ಅಂಗಳದ ಬಿಸಿಲಿನಲ್ಲಿದೆ,
ಬಾಯಿ ತೆರೆದುಕೊಂಡು.